ಹನ್ನೆರಡನೆಯವನು

1992ರ ಮಾರ್ಚ್ 28ರ ರಾತ್ರಿ, ಫಿಲಡೆಲ್ಫಿಯಾದ ಸ್ಪೆಕ್ಟ್ರಮ್ ಕ್ರೀಡಾಂಗಣ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿಯಲ್ಲಿ ಕೊನೆಯ ನಾಲ್ಕರ ಘಟ್ಟಕ್ಕೆ ಯಾರು ಹೋಗುತ್ತಾರೆಂದು ತೀರ್ಮಾನಿಸುವ ಪಂದ್ಯ. ಹೆಚ್ಚುವರಿ ಅವಧಿಯೂ ಮುಗಿಯುತ್ತ ಬಂದಿದೆ. ಕೆಂಟಕಿ 103, ಡ್ಯೂಕ್ 102. ಗಡಿಯಾರದಲ್ಲಿ ಉಳಿದಿರುವುದು 2.1 ಸೆಕೆಂಡು. ಡ್ಯೂಕ್‌ನ ಗ್ರಾಂಟ್ ಹಿಲ್ ತುದಿಗೆರೆಯಾಚೆ ನಿಂತು ಚೆಂಡನ್ನು ಎಪ್ಪತ್ತೈದು ಅಡಿ ದೂರಕ್ಕೆ ಬೀಸಿ ಎಸೆದ. ಅತ್ತ ಫ್ರೀ ಥ್ರೋ ಗೆರೆಯ ಬಳಿ ಬುಟ್ಟಿಗೆ ಬೆನ್ನು ಮಾಡಿ ನಿಂತಿದ್ದ ಆರಡಿ ಹನ್ನೊಂದು ಅಂಗುಲದ ಹುಡುಗ ಜಿಗಿದು ಅದನ್ನು ಹಿಡಿದ. ಅವಸರಪಡಲಿಲ್ಲ. ಬಲಕ್ಕೆ ತಿರುಗುವವನಂತೆ ಭುಜ ಆಡಿಸಿದ, ಚೆಂಡನ್ನು ಒಂದೇ ಒಂದು ಸಲ ನೆಲಕ್ಕೆ ಬಡಿದ, ಎಡಕ್ಕೆ ಹೊರಳಿ ಎಸೆದ. ಚೆಂಡು ಬುಟ್ಟಿಯೊಳಗಿಂದ ಇಳಿಯುವ ಹೊತ್ತಿಗೆ ಗಡಿಯಾರ ಸೊನ್ನೆ ತೋರಿಸುತ್ತಿತ್ತು. 104–103.

ಹುಡುಗನ ಹೆಸರು ಕ್ರಿಶ್ಚಿಯನ್ ಲೇಟ್ನರ್. ಆ ರಾತ್ರಿ ಅವನು ಬುಟ್ಟಿಯತ್ತ ಹತ್ತು ಸಲ ಎಸೆದು ಹತ್ತೂ ಹಾಕಿದ್ದ. ಹತ್ತು ಫ್ರೀ ಥ್ರೋಗಳಲ್ಲೂ ಹತ್ತಕ್ಕೆ ಹತ್ತು. ಒಟ್ಟು 31 ಪಾಯಿಂಟ್. ಒಂದು ಹೊಡೆತವೂ ಗುರಿ ತಪ್ಪದ, ಕೊನೆಯ ಹೊಡೆತ ಪಂದ್ಯವನ್ನೇ ಗೆದ್ದುಕೊಟ್ಟ ಅಂಥ ರಾತ್ರಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಚರಿತ್ರೆಯಲ್ಲಿ ಇನ್ನೊಂದನ್ನು ಹುಡುಕುವುದು ಕಷ್ಟ.

ನಾಲ್ಕು ತಿಂಗಳು ಕಳೆದು ಬಾರ್ಸಿಲೋನಾ ಒಲಿಂಪಿಕ್ಸ್ ಬಂತು. ಅದೇ ಹುಡುಗ 4 ಸಂಖ್ಯೆಯ ಅಂಗಿ ತೊಟ್ಟು ಅಮೆರಿಕ ತಂಡದ ಬೆಂಚಿನ ಮೇಲೆ ಕುಳಿತು ತನ್ನ ಸರದಿ ಕಾಯುತ್ತಿದ್ದ. ಅವನ ಮುಂದೆ ಅಂಗಳದಲ್ಲಿ ಇದ್ದವರು ಮೈಕೆಲ್ ಜೋರ್ಡಾನ್, ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್, ಚಾರ್ಲ್ಸ್ ಬಾರ್ಕ್ಲಿ. ತಂಡಕ್ಕೆ ಜಗತ್ತು ಇಟ್ಟ ಹೆಸರು ಡ್ರೀಮ್ ಟೀಮ್. ಹನ್ನೆರಡು ಜನರಲ್ಲಿ ಹನ್ನೊಂದು ಮಂದಿ ವೃತ್ತಿಪರ ಎನ್‌ಬಿಎ ಲೀಗ್‌ನ ದಿಗ್ಗಜರು. ಹನ್ನೆರಡನೆಯವನೊಬ್ಬ ಮಾತ್ರ ಕಾಲೇಜು ಹುಡುಗ, ವಯಸ್ಸು ಇಪ್ಪತ್ತೆರಡು. ಯಕ್ಷಗಾನದಲ್ಲಿ, ತನ್ನ ಮೇಳದಲ್ಲಿ ಪ್ರಧಾನ ವೇಷ ಕಟ್ಟಿ ಬೆಳಗಿನವರೆಗೆ ರಂಗ ಆಳುತ್ತಿದ್ದವನು ಇನ್ನೊಂದು ಮೇಳಕ್ಕೆ ಹೋಗಿ ಪೂರ್ವರಂಗದಲ್ಲಿ ಬಾಲಗೋಪಾಲನಾಗಿ ಕುಣಿದು ಚೌಕಿಗೆ ಮರಳಿದ ಹಾಗೆ.

ಆ ತಂಡದ ಬಗ್ಗೆ ಬಂದಿರುವ ಬರಹಗಳಲ್ಲಿ ಲೇಟ್ನರ್‌ಗೆ ಸಿಗುವುದು ಸಾಮಾನ್ಯವಾಗಿ ಒಂದು ಸಾಲು, ಅದೂ ನಗೆಯ ಸಾಲು. ಅದು ಅನ್ಯಾಯ ಎಂದು ನನಗೆ ಬಹಳ ದಿನದಿಂದ ಅನ್ನಿಸಿದೆ. ಪ್ರತಿಭೆಯಿರುವವನು ತನಗಿಂತ ದೊಡ್ಡ ಪ್ರತಿಭೆಗಳ ನಡುವೆ ನಿಲ್ಲುವುದು ಹೇಗೆ ಎಂಬ ಪ್ರಶ್ನೆಗೆ ಜೋರ್ಡಾನ್‌ನ ಆಟದಲ್ಲಿ ಉತ್ತರ ಸಿಗುವುದಿಲ್ಲ. ಅವನಿಗೆ ಆ ಪ್ರಶ್ನೆಯೇ ಎದುರಾಗಲಿಲ್ಲ. ಎದುರಾದದ್ದು ಈ ಹುಡುಗನಿಗೆ.

ಲೇಟ್ನರ್ ಎಂಥ ಆಟಗಾರನಾಗಿದ್ದ ಎಂಬುದನ್ನು ಮೊದಲು ಹೇಳಬೇಕು. ನ್ಯೂಯಾರ್ಕ್ ರಾಜ್ಯದ ಬಫಲೊ ನಗರದ ಬಳಿ ಅಂಗೋಲಾ ಎಂಬ ಸಣ್ಣ ಊರು ಅವನದು. ತಂದೆ ಪತ್ರಿಕೆಯೊಂದರ ಮುದ್ರಣ ವಿಭಾಗದಲ್ಲಿ ಕೆಲಸಗಾರ. ಖಾಸಗಿ ಶಾಲೆಯ ಶುಲ್ಕಕ್ಕೆ ನೆರವಾಗಲೆಂದು ಹುಡುಗ ಅದೇ ಶಾಲೆಯಲ್ಲಿ ಶುಚಿ ಮಾಡುವ ಕೆಲಸವನ್ನೂ ಮಾಡಿದವನು. 1988ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯ ಸೇರಿದ. ಅಲ್ಲಿ ಆಡಿದ ನಾಲ್ಕು ವರ್ಷವೂ ತಂಡ ಕೊನೆಯ ನಾಲ್ಕರ ಘಟ್ಟ ಮುಟ್ಟಿತು. 1990ರ ಫೈನಲ್‌ನಲ್ಲಿ ನೆವಾಡಾ-ಲಾಸ್ ವೇಗಸ್ ತಂಡದ ಎದುರು 103–73ರಿಂದ, ಮೂವತ್ತು ಪಾಯಿಂಟ್‌ಗಳಿಂದ ಮಣ್ಣು ಮುಕ್ಕಿತು. ಮರುವರ್ಷ ಸೆಮಿಫೈನಲ್‌ನಲ್ಲಿ ಎದುರಾದದ್ದೂ ಅದೇ ತಂಡ, ಆ ಋತುವಿನಲ್ಲಿ ಒಂದು ಪಂದ್ಯವನ್ನೂ ಸೋಲದ ತಂಡ. ಸಮಬಲವಿದ್ದಾಗ 12.7 ಸೆಕೆಂಡು ಉಳಿದಿರುವಂತೆ ಎರಡು ಫ್ರೀ ಥ್ರೋ ಸಿಕ್ಕವು. ಲೇಟ್ನರ್ ಎರಡನ್ನೂ ಹಾಕಿದ. 79–77. ಆ ವರ್ಷ ಪ್ರಶಸ್ತಿ ಡ್ಯೂಕ್‌ಗೆ ಬಂತು, ಮರುವರ್ಷ ಮತ್ತೊಮ್ಮೆ ಬಂತು. ಕೊನೆಯ ವರ್ಷದಲ್ಲಿ ಅವನ ಸರಾಸರಿ 21.5 ಪಾಯಿಂಟ್, ಎತ್ತರದ ಆಟಗಾರನಾಗಿದ್ದೂ ದೂರದ ಮೂರು ಪಾಯಿಂಟ್ ಹೊಡೆತಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹಾಕಿದ. ಟೂರ್ನಿಯ ಇತಿಹಾಸದಲ್ಲಿ ಒಟ್ಟು 407 ಪಾಯಿಂಟ್ ಗಳಿಸಿದ ಅವನ ದಾಖಲೆ ದಶಕಗಳ ಕಾಲ ಉಳಿದಿದೆ.

ಸ್ವಭಾವ ಮೆತ್ತಗಿನದಲ್ಲ. ಅಭ್ಯಾಸದಲ್ಲಿ ತನಗಿಂತ ಕಿರಿಯ ಜೊತೆಗಾರ ಬಾಬಿ ಹರ್ಲಿಯನ್ನು ಬೆನ್ನು ಬಿಡದೆ ಕಾಡುತ್ತಿದ್ದ. ಕೆಂಟಕಿ ಎದುರಿನ ಅದೇ ಪಂದ್ಯದಲ್ಲಿ ನೆಲಕ್ಕೆ ಬಿದ್ದಿದ್ದ ಎದುರಾಳಿಯ ಎದೆಯ ಮೇಲೆ ಕಾಲಿಟ್ಟು ಶಿಕ್ಷೆಗೆ ಒಳಗಾದ. ಅಮೆರಿಕದಲ್ಲಿ ಅವನನ್ನು ಪ್ರೀತಿಸುವವರಿಗಿಂತ ದ್ವೇಷಿಸುವವರೇ ಹೆಚ್ಚೆಂಬ ಮಾತು ಹುಟ್ಟಿ, ಆ ದ್ವೇಷದ ಮೇಲೆಯೇ 2015ರಲ್ಲಿ ಒಂದು ಸಾಕ್ಷ್ಯಚಿತ್ರ ಬಂತು. ಚೆಂಡು ತನ್ನ ಕೈಗೇ ಬರಬೇಕು, ಕೊನೆಯ ಹೊಡೆತ ತನ್ನದೇ ಆಗಬೇಕು ಎನ್ನುವ ಮನುಷ್ಯ. ಇಂಥವನನ್ನು ಬೆಂಚಿನ ಮೇಲೆ ಕೂರಿಸಿದರೆ ಏನಾಗಬಹುದು?

ಆ ತಂಡ ಹುಟ್ಟಿದ್ದು ಒಂದು ಸೋಲಿನ ಬೆನ್ನಲ್ಲಿ. ಅಲ್ಲಿಯವರೆಗೆ ಅಮೆರಿಕ ಒಲಿಂಪಿಕ್ಸ್‌ಗೆ ಕಳಿಸುತ್ತಿದ್ದುದು ಹೆಚ್ಚಾಗಿ ಕಾಲೇಜು ಹುಡುಗರನ್ನು. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಅವರು ಸೆಮಿಫೈನಲ್‌ನಲ್ಲಿ ಸೋವಿಯತ್ ಒಕ್ಕೂಟಕ್ಕೆ 82–76ರಿಂದ ಸೋತು ಕಂಚಿಗೆ ಇಳಿದರು. 1989ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಮ್ಯೂನಿಕ್‌ನಲ್ಲಿ ಸಭೆ ಸೇರಿ ಎನ್‌ಬಿಎ ಆಟಗಾರರಿಗೂ ಒಲಿಂಪಿಕ್ಸ್ ಬಾಗಿಲು ತೆರೆಯಿತು. 1991ರ ಸೆಪ್ಟೆಂಬರ್‌ನಲ್ಲಿ ಹತ್ತು ಹೆಸರು ಹೊರಬಿದ್ದವು. ಉಳಿದ ಎರಡು ಜಾಗ ಮರುವರ್ಷದ ಮೇ ತಿಂಗಳಲ್ಲಿ ತುಂಬಿದವು. ಒಂದು ಪೋರ್ಟ್‌ಲ್ಯಾಂಡ್‌ನ ಕ್ಲೈಡ್ ಡ್ರೆಕ್ಸ್‌ಲರ್‌ಗೆ. ಇನ್ನೊಂದು, ಕಾಲೇಜು ಆಟಗಾರನಿಗೆಂದೇ ಕಾದಿರಿಸಿದ್ದು, ಲೇಟ್ನರ್‌ಗೆ. ಅಷ್ಟು ವರ್ಷ ಪದಕಗಳನ್ನು ಹೊತ್ತು ತಂದ ಕಾಲೇಜು ಆಟಕ್ಕೆ ಉಳಿಸಿದ ಒಂದು ಎಲೆಯ ಜಾಗ ಅದು.

ಡೆಟ್ರಾಯಿಟ್‌ನ ಮಹಾನ್ ಆಟಗಾರ ಐಸಾಯಾ ಥಾಮಸ್ ಹೊರಗುಳಿದು ಲೇಟ್ನರ್ ಒಳಗೆ ಬಂದದ್ದು ಹೇಗೆ ಎಂದು ಇಂದಿಗೂ ಕೇಳುವವರಿದ್ದಾರೆ. ಆ ಎರಡನ್ನು ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ಥಾಮಸ್ ಸ್ಪರ್ಧಿಸಿದ್ದು ವೃತ್ತಿಪರರ ಹನ್ನೊಂದು ಜಾಗಗಳಿಗೆ. ಲೇಟ್ನರ್ ಎದುರು ಇದ್ದ ನಿಜವಾದ ಹೆಸರು ಲೂಸಿಯಾನಾ ಸ್ಟೇಟ್‌ನ ಶಕೀಲ್ ಓನೀಲ್. ಏಳಡಿಗೂ ಮೀರಿದ, ಗೋಡೆಯಂಥ ಮೈಯ ಆ ಹುಡುಗ ಮುಂದೆ ಯುಗವೊಂದನ್ನು ಆಳುತ್ತಾನೆ ಎಂದು ಆಗಲೇ ಎಲ್ಲರಿಗೂ ಗೊತ್ತಿತ್ತು. ಜೂನ್‌ನಲ್ಲಿ ಎನ್‌ಬಿಎ ತಂಡಗಳು ಹೊಸಬರನ್ನು ಆರಿಸಿಕೊಂಡಾಗ ಓನೀಲ್ ಮೊದಲನೆಯವನಾದ, ಜಾರ್ಜ್‌ಟೌನ್‌ನ ಅಲೊಂಜೊ ಮೌರ್ನಿಂಗ್ ಎರಡನೆಯವ, ಲೇಟ್ನರ್ ಮೂರನೆಯವ. ತನ್ನ ಹೆಸರು ಇಲ್ಲದ್ದು ನೋಡಿ ಆಗ ಹೊಟ್ಟೆಕಿಚ್ಚಾಗಿತ್ತು, ಆದರೆ ಆಟದ ಮೂಲಪಾಠಗಳಲ್ಲಿ ಲೇಟ್ನರ್ ತನಗಿಂತ ಗಟ್ಟಿಯಾಗಿದ್ದ ಎಂದು ಓನೀಲ್ ಮುಂದೆ ತಾನೇ ಹೇಳಿಕೊಂಡಿದ್ದಾನೆ. ಡ್ಯೂಕ್‌ನ ತರಬೇತುದಾರ ಮೈಕ್ ಶಶೆವ್‌ಸ್ಕಿ ಒಲಿಂಪಿಕ್ ತಂಡದ ಸಹಾಯಕ ತರಬೇತುದಾರರೂ ಆಗಿದ್ದರಿಂದ ಗುರುವಿನ ಕೃಪೆ ಎಂಬ ಸಂಶಯ ಏಳುವುದು ಸಹಜ. ನನ್ನ ಎಣಿಕೆ ಬೇರೆ. ಬುಟ್ಟಿಯ ಅಡಿಯಲ್ಲಿ ನಿಲ್ಲಲು ಆ ತಂಡದಲ್ಲಿ ಪ್ಯಾಟ್ರಿಕ್ ಯೂಯಿಂಗ್ ಇದ್ದ, ಡೇವಿಡ್ ರಾಬಿನ್‌ಸನ್ ಇದ್ದ. ಮೂರನೆಯ ಆನೆಯನ್ನು ಎಲ್ಲಿ ಕಟ್ಟುವುದು? ಬುಟ್ಟಿಯಿಂದ ದೂರ ನಿಂತು, ಒಳಗೆ ಜಾಗ ಬಿಟ್ಟುಕೊಟ್ಟು, ಚೆಂಡು ಬಂದರೆ ದೂರದಿಂದಲೇ ಹಾಕಬಲ್ಲ ಎತ್ತರದವನು ಅಲ್ಲಿ ಹೆಚ್ಚು ಕೂಡಿಬರುತ್ತಾನೆ.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಒಲಿಂಪಿಕ್ಸ್ ಪಂದ್ಯ 40 ನಿಮಿಷದ್ದು, ಅಂಗಳದಲ್ಲಿ ಒಂದು ಹೊತ್ತಿಗೆ ಐವರು. ತರಬೇತುದಾರನ ಕೈಯಲ್ಲಿ ಹಂಚಲು ಇರುವುದು 200 ನಿಮಿಷ. ಹನ್ನೆರಡು ಮಂದಿಗೆ ಸಮನಾಗಿ ಹಂಚಿದರೂ ತಲೆಗೆ ಹದಿನೇಳು ನಿಮಿಷ ಬರುವುದಿಲ್ಲ. ಆ ಹದಿನೇಳು ನಿಮಿಷದಲ್ಲೂ ಚೆಂಡು ಒಂದೇ. ತನ್ನ ತಂಡದಲ್ಲಿ ಮೂವತ್ತು ನಿಮಿಷ ಆಡಿ, ಇಪ್ಪತ್ತು ಸಲ ಬುಟ್ಟಿಯತ್ತ ಎಸೆಯುವ ಅಭ್ಯಾಸವಿರುವವನು ಇಲ್ಲಿ ಚೆಂಡು ಮುಟ್ಟುವುದೇ ಅಪರೂಪ. ಹಾಗಾದರೆ ಉಳಿದ ಹೊತ್ತು ಅವನು ಏನು ಮಾಡಬೇಕು?

ಕೋಚ್‌ಗಳು ಅಂಗಳದ ಬದಿಯಿಂದ ಕೂಗಿ ಹೇಳುವುದೆಲ್ಲ ಇದನ್ನೇ. ಜೊತೆಗಾರನ ಬೆನ್ನು ಹತ್ತಿದವನಿಗೆ ಅಡ್ಡ ನಿಂತು ಸ್ಕ್ರೀನ್ ಹಾಕು. ಹೊಡೆತ ತಪ್ಪಿದರೆ ಎದುರಾಳಿಯನ್ನು ಬೆನ್ನಿನಿಂದ ತಡೆದು ರೀಬೌಂಡ್‌ಗೆ ಜಾಗ ಮಾಡು. ಮೂಲೆಗೆ ಸರಿದು ನಿಲ್ಲು, ನಿನ್ನನ್ನು ಕಾಯುವವನು ನಿನ್ನ ಜೊತೆ ಮೂಲೆಗೆ ಬರಲಿ, ನಡುವೆ ದಾರಿ ತೆರೆಯಲಿ. ಚೆಂಡು ಬಂದ ಕ್ಷಣವೇ ಪಾಸ್ ಕೊಡು. ಇವುಗಳಲ್ಲಿ ಒಂದೂ ಅಂಕಪಟ್ಟಿಯಲ್ಲಿ ನಿಲ್ಲುವುದಿಲ್ಲ. ಕಛೇರಿಯಲ್ಲಿ ಒಳ್ಳೆಯ ಪಕ್ಕವಾದ್ಯದವರು ಎಲ್ಲಿ ನುಡಿಸಿದರು ಎನ್ನುವಷ್ಟೇ ಎಲ್ಲಿ ಕೈ ಕಟ್ಟಿದರು ಎನ್ನುವುದನ್ನೂ ಕೇಳುವ ಕಿವಿಗಳು ಗುರುತಿಸುತ್ತವೆ. ಇದು ಅಂಥ ವಿದ್ಯೆ. ಪ್ರತಿಭೆ ಕಡಿಮೆ ಇರುವವನು ಇದನ್ನು ಬೇಗ ಕಲಿಯುತ್ತಾನೆ, ಅವನಿಗೆ ಬೇರೆ ಗತಿಯಿಲ್ಲ. ಪ್ರತಿಭಾವಂತನಿಗೆ ಕಲಿಯಬೇಕಾದ ಅಗತ್ಯವೇ ಬಂದಿರುವುದಿಲ್ಲ.

ಜೂನ್ ಕೊನೆಯಲ್ಲಿ ತಂಡ ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ ಅಭ್ಯಾಸಕ್ಕೆ ಸೇರಿತು. ಎದುರು ಆಡಲು ದೇಶದ ಆಯ್ದ ಎಂಟು ಕಾಲೇಜು ಹುಡುಗರನ್ನು ಕರೆಸಿದ್ದರು. ಕ್ರಿಸ್ ವೆಬರ್, ಪೆನ್ನಿ ಹಾರ್ಡವೇ, ಆಲನ್ ಹ್ಯೂಸ್ಟನ್ ಮೊದಲಾದವರು. ಆ ಗುಂಪಿನಲ್ಲಿ ಗ್ರಾಂಟ್ ಹಿಲ್ ಮತ್ತು ಬಾಬಿ ಹರ್ಲಿಯೂ ಇದ್ದರು. ಒಬ್ಬ ಎಪ್ಪತ್ತೈದು ಅಡಿಯ ಆ ಪಾಸ್ ಎಸೆದವನು, ಇನ್ನೊಬ್ಬ ಲೇಟ್ನರ್‌ನ ಕಾಟ ಸಹಿಸಿ ಬೆಳೆದವನು. ಒಂದು ದಿನ ಕಾಲೇಜು ಹುಡುಗರು ಡ್ರೀಮ್ ಟೀಮನ್ನು 62–54ರಿಂದ ಸೋಲಿಸಿಬಿಟ್ಟರು. ಮುಖ್ಯ ತರಬೇತುದಾರ ಚಕ್ ಡೇಲಿ ದಿಗ್ಗಜರಿಗೆ ಸೋಲಿನ ರುಚಿ ತೋರಿಸಲೆಂದೇ ಜೋರ್ಡಾನ್‌ನನ್ನು ಹೆಚ್ಚು ಆಡಿಸದೆ ಕೈಬಿಟ್ಟರು ಎಂದು ಶಶೆವ್‌ಸ್ಕಿ ಆಮೇಲೆ ಹೇಳಿದರು. ಮರುದಿನ ಲೆಕ್ಕ ಚುಕ್ತಾ ಆಯಿತು. ಕೆಲವೇ ವಾರಗಳ ಹಿಂದೆ ಜೊತೆಯಲ್ಲಿ ಪ್ರಶಸ್ತಿ ಎತ್ತಿದ್ದ ಗೆಳೆಯರು ಆ ಬದಿಯಲ್ಲಿ ನಗುತ್ತಿರುವುದನ್ನು ಈ ಬದಿಯಲ್ಲಿ ನಿಂತು ನೋಡಿದವನು ಹನ್ನೆರಡು ಮಂದಿಯಲ್ಲಿ ಲೇಟ್ನರ್ ಒಬ್ಬನೇ.

ಪೋರ್ಟ್‌ಲ್ಯಾಂಡ್‌ನಲ್ಲಿ ನಡೆದ ಅರ್ಹತಾ ಟೂರ್ನಿಯ ಮೊದಲ ಪಂದ್ಯದಲ್ಲೇ ಕ್ಯೂಬಾವನ್ನು 136–57ರಿಂದ ಮಣಿಸಿ ತಂಡ ಯುರೋಪಿಗೆ ಹಾರಿತು. ಒಲಿಂಪಿಕ್ಸ್‌ಗೆ ಮುನ್ನ ಮಾಂಟೆ ಕಾರ್ಲೊದಲ್ಲಿ ಕೊನೆಯ ಅಭ್ಯಾಸ. ಅಲ್ಲಿ ಒಂದು ಬೆಳಿಗ್ಗೆ ನಡೆದದ್ದನ್ನು ಬ್ಯಾಸ್ಕೆಟ್‌ಬಾಲ್ ಬಲ್ಲವರು, ಯಾರೂ ನೋಡದ ಶ್ರೇಷ್ಠ ಪಂದ್ಯ ಎಂದು ಕರೆಯುತ್ತಾರೆ. ಡೇಲಿ ತಂಡವನ್ನು ಎರಡಾಗಿ ಒಡೆದರು. ಬಿಳಿ ಅಂಗಿಯವರು ಜೋರ್ಡಾನ್, ಪಿಪ್ಪೆನ್, ಬರ್ಡ್, ಕಾರ್ಲ್ ಮಲೋನ್, ಯೂಯಿಂಗ್. ನೀಲಿ ಅಂಗಿಯವರು ಮ್ಯಾಜಿಕ್, ಬಾರ್ಕ್ಲಿ, ರಾಬಿನ್‌ಸನ್, ಕ್ರಿಸ್ ಮಲಿನ್, ಲೇಟ್ನರ್. ಪ್ರೇಕ್ಷಕರಿಲ್ಲ, ಟಿಕೆಟ್ ಇಲ್ಲ. ಮ್ಯಾಜಿಕ್ ಮತ್ತು ಜೋರ್ಡಾನ್ ಒಬ್ಬರನ್ನೊಬ್ಬರು ಕೆಣಕುತ್ತ, ಬಯ್ಯುತ್ತ, ಒಲಿಂಪಿಕ್ಸ್‌ನಲ್ಲಿ ಎಂದೂ ತೋರದ ಹಟದಲ್ಲಿ ಆಡಿದರು. 40–36ರಿಂದ ಬಿಳಿ ಅಂಗಿಯವರು ಗೆದ್ದರು. ತನ್ನ ಬದುಕಿನ ಅತ್ಯಂತ ಸಂತೋಷದ ಆಟ ಅದು ಎಂಬ ಅರ್ಥದ ಮಾತನ್ನು ಜೋರ್ಡಾನ್ ಆಡಿದ್ದುಂಟು.

ಆ ಎರಡು ಪಟ್ಟಿಗಳನ್ನು ಇನ್ನೊಮ್ಮೆ ಎಣಿಸಿ. ಐದು ಮತ್ತು ಐದು, ಹತ್ತು. ಜಾನ್ ಸ್ಟಾಕ್ಟನ್ ಪೋರ್ಟ್‌ಲ್ಯಾಂಡ್‌ನಲ್ಲಿ ಕಾಲಿನ ಮೂಳೆ ಮುರಿದುಕೊಂಡಿದ್ದ. ಡ್ರೆಕ್ಸ್‌ಲರ್‌ಗೂ ಗಾಯ. ಆಡಬಲ್ಲವರು ಹತ್ತೇ ಮಂದಿ, ಹತ್ತನೆಯವನು ಲೇಟ್ನರ್. ಅವನು ಇಲ್ಲದಿದ್ದರೆ ಐವರ ಎದುರು ನಾಲ್ವರು ಉಳಿಯುತ್ತಿದ್ದರು. ಇದ್ದೂ ಸರಿಯಾಗಿ ನಿಲ್ಲಲಾಗದಿದ್ದರೆ ಪಂದ್ಯ ಐದು ನಿಮಿಷಕ್ಕೆ ರುಚಿಗೆಡುತ್ತಿತ್ತು. ಎದುರು ಮಲೋನ್ ಮತ್ತು ಯೂಯಿಂಗ್ ಇರುವಾಗ, ಲೀಗ್‌ನಲ್ಲಿ ಒಂದೂ ಪಂದ್ಯ ಆಡಿರದ ಹುಡುಗ ಅಂಗಳದ ಮೇಲೆ ಕಾಲೂರಿ ನಿಂತ. ನಾಲ್ಕೇ ಪಾಯಿಂಟ್ ಅಂತರದ ಸೋಲು ಅದು. ಶ್ರೇಷ್ಠರಿಗೆ ಶ್ರೇಷ್ಠ ಅಭ್ಯಾಸ ಸಿಗಬೇಕಾದರೆ ಆ ಮಟ್ಟದಲ್ಲಿ ಆಟ ಕೆಡಿಸದ ಹತ್ತನೆಯವನೊಬ್ಬ ಬೇಕೇ ಬೇಕು. ಅವನ ಆಯ್ಕೆ ಸರಿಯಾಗಿತ್ತು ಎನ್ನಲು ನನಗೆ ಆ ಒಂದು ಬೆಳಿಗ್ಗೆ ಸಾಕು.

ಬಾರ್ಸಿಲೋನಾದ ಪಂದ್ಯಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಂಗೋಲಾ ದೇಶದ ಎದುರು 116–48. ಅಂಗೋಲಾ ಊರಿನ ಹುಡುಗನ ಒಲಿಂಪಿಕ್ಸ್ ಆರಂಭವಾದದ್ದು ಆ ಪಂದ್ಯದಿಂದ. ಆಗಸ್ಟ್ 8ರ ಫೈನಲ್‌ನಲ್ಲಿ ಕ್ರೊಯೇಷಿಯಾ ಎದುರು 117–85. ಎಂಟು ಪಂದ್ಯಗಳಲ್ಲಿ ಗೆಲುವಿನ ಸರಾಸರಿ ಅಂತರ ಸುಮಾರು 44 ಪಾಯಿಂಟ್. ಡೇಲಿ ಒಮ್ಮೆಯೂ ಟೈಮ್ಔಟ್ ಕೇಳಲಿಲ್ಲ. ತಂಡದಲ್ಲಿ ಅತಿ ಹೆಚ್ಚು ಗಳಿಸಿದ ಬಾರ್ಕ್ಲಿಯ ಸರಾಸರಿ 18. ಜೋರ್ಡಾನ್‌ನಂಥ ಜೋರ್ಡಾನ್ ಕೂಡ ಹದಿನೈದರ ಒಳಗೇ ನಿಂತ. ಲೇಟ್ನರ್‌ನ ಸರಾಸರಿ 4.8. ಕಾಲೇಜಿನ ಇಪ್ಪತ್ತೊಂದೂವರೆ ಇಲ್ಲಿ ಐದರೊಳಗೆ ಬಂದು ಕೂತಿತು. ಅವನಿಂದ ಒಂದು ಗೊಣಗಾಟವಿಲ್ಲ, ಒಂದು ಜಗಳವಿಲ್ಲ. ಡ್ಯೂಕ್‌ನಲ್ಲಿ ಜೊತೆಗಾರರನ್ನೇ ತಿವಿದು ಏಳಿಸುತ್ತಿದ್ದವನು ಇಲ್ಲಿ ಸುದ್ದಿಯೇ ಆಗಲಿಲ್ಲ. ಅಂಥ ಸ್ವಭಾವದವನು ಸುದ್ದಿಯಾಗದೆ ಉಳಿದದ್ದು ಸಣ್ಣ ಸಾಧನೆಯಲ್ಲ.

ಇದಕ್ಕೆ ವಿರುದ್ಧದ ಚಿತ್ರವೂ ಒಂದಿದೆ. 2004ರ ಅಥೆನ್ಸ್‌ಗೆ ಅಮೆರಿಕ ಕಳಿಸಿದ ತಂಡದಲ್ಲಿ ಟಿಮ್ ಡಂಕನ್, ಆಲನ್ ಐವರ್ಸನ್, ಎಳೆಯ ಲೆಬ್ರಾನ್ ಜೇಮ್ಸ್, ಕಾರ್ಮೆಲೊ ಆಂಟನಿ, ಡ್ವೇನ್ ವೇಡ್ ಇದ್ದರು. ಆಗಷ್ಟೇ ಕಾಲೇಜು ಮುಗಿಸಿದ್ದ ಎಮೆಕಾ ಒಕಾಫೋರ್ ಕೂಡ ಇದ್ದ. ಹೆಸರುಗಳಿಗೆ ಕೊರತೆಯಿರಲಿಲ್ಲ, ದೂರದಿಂದ ಹೊಡೆಯುವವರಿಗೆ ಕೊರತೆಯಿತ್ತು, ಕೂಡಿ ಆಡಲು ಸಿಕ್ಕ ದಿನಗಳೂ ಕಡಿಮೆ. ಮೊದಲ ಪಂದ್ಯದಲ್ಲೇ ಪೋರ್ಟೊ ರಿಕೊ 92–73ರಿಂದ ಸೋಲಿಸಿತು. ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ಹೊರಗಟ್ಟಿತು. ಕಂಚು.

ಕಾಲೇಜಿನೊಳಗೇ ತಾರೆಗಳು ಕಿಕ್ಕಿರಿದ ತಂಡವೊಂದು ಹೇಗೆ ಆಡಬಹುದು ಎನ್ನುವುದಕ್ಕೆ 2012ರ ಕೆಂಟಕಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಜಾನ್ ಕ್ಯಾಲಿಪಾರಿ ತರಬೇತಿಯ ಆ ತಂಡದ ಆರು ಮಂದಿಯನ್ನು ಆ ವರ್ಷ ಎನ್‌ಬಿಎ ತಂಡಗಳು ಆರಿಸಿಕೊಂಡವು, ಮೊದಲ ಎರಡು ಸ್ಥಾನ ಸೇರಿ. ಮೊದಲನೆಯವನು ಆಂಟನಿ ಡೇವಿಸ್. ಹೈಸ್ಕೂಲಿನಲ್ಲಿ ಚೆಂಡು ನಡೆಸುವ ಆರಡಿ ಮೂರಂಗುಲದ ಗಾರ್ಡ್ ಆಗಿದ್ದವನು ಒಂದೆರಡು ವರ್ಷದಲ್ಲಿ ಆರಡಿ ಹತ್ತಕ್ಕೆ ಬೆಳೆದುಬಿಟ್ಟ. ಗಾರ್ಡ್‌ನ ಕೈಚಳಕ ಎತ್ತರದ ಮೈಯಲ್ಲಿ ಉಳಿಯಿತು. ದೇಶದ ಅತ್ಯುತ್ತಮ ಆಟಗಾರ ಎನ್ನಿಸಿಕೊಂಡರೂ ತನ್ನ ತಂಡದಲ್ಲೇ ಬುಟ್ಟಿಯತ್ತ ಅತಿ ಹೆಚ್ಚು ಎಸೆದವನು ಅವನಲ್ಲ, ಅವನಿಗಿಂತ ಹೆಚ್ಚು ಎಸೆದವರು ಹಲವರಿದ್ದರು. ಕೆಂಟಕಿ ರಾಜ್ಯದವನೇ ಆದ, ಅಂತಿಮ ವರ್ಷದ ಡೇರಿಯಸ್ ಮಿಲ್ಲರ್ ಮೊದಲ ವರ್ಷದ ಹುಡುಗರಿಗೆ ಜಾಗ ಬಿಟ್ಟು ಹೆಚ್ಚಿನ ಪಂದ್ಯಗಳಲ್ಲಿ ಬೆಂಚಿನಿಂದ ಎದ್ದು ಬಂದು ಆಡಿದ.

ಆ ವರ್ಷದ ಫೈನಲ್ ಕಾನ್ಸಸ್ ಎದುರು, ನ್ಯೂ ಓರ್ಲಿಯನ್ಸ್‌ನಲ್ಲಿ. ಡೇವಿಸ್ ಹತ್ತು ಸಲ ಎಸೆದು ಒಂದೇ ಒಂದನ್ನು ಹಾಕಿದ. ಫ್ರೀ ಥ್ರೋ ಸೇರಿಸಿ ಆರು ಪಾಯಿಂಟ್. ಆದರೆ 16 ರೀಬೌಂಡ್ ಹಿಡಿದ, ಆರು ಹೊಡೆತಗಳನ್ನು ಗಾಳಿಯಲ್ಲೇ ತಡೆದ, ಐದು ಸಲ ಜೊತೆಗಾರರಿಗೆ ಪಾಸ್ ಕೊಟ್ಟು ಪಾಯಿಂಟ್ ಮಾಡಿಸಿದ, ಮೂರು ಸಲ ಚೆಂಡು ಕಸಿದ. ಕೆಂಟಕಿ 67–59ರಿಂದ ಗೆದ್ದಿತು. ಟೂರ್ನಿಯ ಶ್ರೇಷ್ಠ ಆಟಗಾರನ ಗೌರವ ಆರು ಪಾಯಿಂಟ್ ಗಳಿಸಿದವನಿಗೆ ಬಂತು. 1992ರ ಲೇಟ್ನರ್‌ನ ಹತ್ತಕ್ಕೆ ಹತ್ತು, 2012ರ ಡೇವಿಸ್‌ನ ಹತ್ತಕ್ಕೆ ಒಂದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ನನಗೆ ಇಷ್ಟ. ಕೈ ಕೊಟ್ಟ ದಿನ ಉಳಿದ ಒಂಬತ್ತು ಕೆಲಸ ನೆನಪಿಟ್ಟುಕೊಳ್ಳುವ ಆಟಗಾರ ಯಾವ ತಂಡದಲ್ಲೂ ಭಾರವಾಗುವುದಿಲ್ಲ.

ಅದೇ ಬೇಸಿಗೆಯಲ್ಲಿ ಬ್ಲೇಕ್ ಗ್ರಿಫಿನ್ ಗಾಯಗೊಂಡು ತೆರವಾದ ಜಾಗಕ್ಕೆ ಡೇವಿಸ್ ಲಂಡನ್ ಒಲಿಂಪಿಕ್ಸ್‌ಗೆ ಹೋದ. ಆಗ ವಯಸ್ಸು ಹತ್ತೊಂಬತ್ತು, ಎನ್‌ಬಿಎಯಲ್ಲಿ ಇನ್ನೂ ಕಾಲಿಟ್ಟಿರಲಿಲ್ಲ. ಕೋಬಿ ಬ್ರಯಂಟ್, ಲೆಬ್ರಾನ್, ಕೆವಿನ್ ಡ್ಯುರಾಂಟ್ ಇದ್ದ ಆ ತಂಡದ ಮುಖ್ಯ ತರಬೇತುದಾರರು ಶಶೆವ್‌ಸ್ಕಿ. ಇಪ್ಪತ್ತು ವರ್ಷದ ಹಿಂದೆ ತಮ್ಮ ಶಿಷ್ಯ ಅದೇ ಬೆಂಚಿನಲ್ಲಿ ಕುಳಿತದ್ದನ್ನು ಕಂಡವರು. ಡೇವಿಸ್ ಕೆಲವೇ ನಿಮಿಷ ಆಡಿ ಚಿನ್ನ ಗೆದ್ದ. 2024ರ ಪ್ಯಾರಿಸ್‌ನಲ್ಲಿ ಮತ್ತೆ ಗೆದ್ದಾಗ ಅವನೇ ಹಿರಿಯರ ಸಾಲಿನಲ್ಲಿದ್ದ.

ಮಹಿಳೆಯರ ಆಟದಲ್ಲಿ ಈ ದಾರಿಯನ್ನು ನಡೆದವಳು ರೆಬೆಕಾ ಲೋಬೊ. 1995ರಲ್ಲಿ ಕನೆಕ್ಟಿಕಟ್ ತಂಡ 35 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಪ್ರಶಸ್ತಿ ಗೆದ್ದಾಗ ಅವಳೇ ಅದರ ಮುಖ. ಬೆನ್ನಿಗೇ ರಾಷ್ಟ್ರೀಯ ತಂಡ ಸೇರಿ ಅಲ್ಲಿ ಎಲ್ಲರಿಗಿಂತ ಕಿರಿಯಳಾದಳು. ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮುನ್ನ ದೇಶ ವಿದೇಶ ಸುತ್ತಿ 52 ಪಂದ್ಯ, ಅಲ್ಲಿ ಎಂಟು ಪಂದ್ಯ, ಅರವತ್ತನ್ನೂ ಗೆದ್ದ ತಂಡ ಅದು. ಊರೂರಲ್ಲಿ ಹುಡುಗಿಯರು ಕೂಗಿ ಕರೆಯುತ್ತಿದ್ದುದು ಲೋಬೊಳನ್ನು, ಅಂಗಳದಲ್ಲಿ ಹೆಚ್ಚು ಆಡುತ್ತಿದ್ದುದು ಹಿರಿಯರು. ಆ ಮುಜುಗರವನ್ನು ಹೊತ್ತು ಒಂದು ವರ್ಷ ಅಭ್ಯಾಸಕ್ಕೆ ಹೋಗುವುದು ಎಷ್ಟು ಕಷ್ಟವೆಂದು ಊಹಿಸಬಹುದು.

ಬಾರ್ಸಿಲೋನಾದಿಂದ ಮರಳಿದ ಲೇಟ್ನರ್ ಮಿನೆಸೋಟಾ ಸೇರಿದ. ಆ ಮೊದಲ ಋತುವಿನಲ್ಲಿ ಅವನ ಸರಾಸರಿ 18.2 ಪಾಯಿಂಟ್. ತಂಡ ಗೆದ್ದದ್ದು 19 ಪಂದ್ಯ, ಸೋತದ್ದು 63. ಒಟ್ಟು ಹದಿಮೂರು ಋತು ಆಡಿದ, 1997ರಲ್ಲಿ ಒಮ್ಮೆ ಆಲ್‌ಸ್ಟಾರ್ ಆದ, ಲೀಗ್ ಪ್ರಶಸ್ತಿ ಒಂದೂ ಗೆಲ್ಲಲಿಲ್ಲ. 2010ರಲ್ಲಿ ಡ್ರೀಮ್ ಟೀಮ್ ಇಡೀ ತಂಡವಾಗಿ ನೈಸ್ಮಿತ್ ಹಾಲ್ ಆಫ್ ಫೇಮ್ ಸೇರಿತು. ಹನ್ನೆರಡರಲ್ಲಿ ಹನ್ನೊಂದು ಆಟಗಾರರು ಅಲ್ಲಿ ತಮ್ಮ ತಮ್ಮ ಹೆಸರಿನಲ್ಲೂ ಇದ್ದಾರೆ, ಲೇಟ್ನರ್ ಇರುವುದು ತಂಡದ ಹೆಸರಿನಲ್ಲಿ ಮಾತ್ರ. ಅವನ ಕೊನೆಯ ಋತು 2004–05, ಮಯಾಮಿ ಹೀಟ್ ತಂಡದಲ್ಲಿ. ಆ ತಂಡದ ನಡುಗಂಬ ಶಕೀಲ್ ಓನೀಲ್.

ಮಾಂಟೆ ಕಾರ್ಲೊದ ಆ ಬೆಳಗಿನ ಆಟದ ತುಣುಕುಗಳು 2012ರಲ್ಲಿ ಬಂದ ಡ್ರೀಮ್ ಟೀಮ್ ಸಾಕ್ಷ್ಯಚಿತ್ರದಲ್ಲಿವೆ. ಸಿಕ್ಕರೆ ನೋಡಿ. ಚೆಂಡು ಎಲ್ಲಿದೆಯೋ ಅಲ್ಲಿಗೆ ಕಣ್ಣು ತಾನಾಗಿ ಹೋಗುತ್ತದೆ, ಮ್ಯಾಜಿಕ್ ಕೂಗುತ್ತಿರುತ್ತಾನೆ, ಜೋರ್ಡಾನ್ ಉತ್ತರ ಕೊಡುತ್ತಿರುತ್ತಾನೆ. ಒಂದೆರಡು ನಿಮಿಷ ಅವರನ್ನು ಬಿಟ್ಟು, ನೀಲಿ ಅಂಗಿಯ ಆ ಎತ್ತರದ ಹುಡುಗ ಚೆಂಡಿಲ್ಲದಾಗ ಎಲ್ಲಿ ನಿಲ್ಲುತ್ತಾನೆ ಎಂಬುದನ್ನಷ್ಟೇ ನೋಡಿ.